ಒಂದು ಒಳಲೆ ಕತ್ತೆ ಹಾಲು

ವಿಮಾನ ನಿಲ್ದಾಣದ ಮೇಜು

ಆ ದ್ವೀಪದಲ್ಲಿ ನನ್ನೊಡನೆ ಮೊದಲು ಮಾತಾಡಿದವನು ಒಬ್ಬ ಕಸ್ಟಮ್ಸ್ ಅಧಿಕಾರಿ. ಅವನ ಮೊದಲ ಮಾತು, “ಇದೇನು?”

ಅವನ ಕೈಯಲ್ಲಿ ನಾನು ಅರಸೀಕೆರೆ ಸಂತೆಯಲ್ಲಿ ಆರಿಸಿ ತಂದ ಬಜೆಯ ಬೇರು ಇತ್ತು. ನನ್ನ ಇಂಗ್ಲಿಷ್ ಕಂದಾಯ ಇಲಾಖೆಯ ಇಂಗ್ಲಿಷ್. ಅರ್ಜಿಯ ಮೇಲೆ ಷರಾ ಬರೆಯಲು ಸಾಕು, ಬಜೆಯ ಮಹಿಮೆ ವಿವರಿಸಲು ಸಾಲದು. “ಬೇರು” ಅಂದೆ. ಯಾತಕ್ಕೆ ಅಂತ ಕೇಳಿದ. “ಕೂಸಿನ ನಾಲಿಗೆಗೆ” ಅಂದೆ. ಅವನು ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಬಂದು ಜಾಯಿಕಾಯಿ ಎತ್ತಿ ಬೆಳಕಿಗೆ ಹಿಡಿದ, ಅಂಟಿನುಂಡೆ ಮುರಿದ, ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಕೊನೆಗೆ ಬಾಣಂತಿ ಖಾರದ ಡಬ್ಬಿ ತೆರೆದು, ಬೆರಳಿನಲ್ಲಿ ಧಾರಾಳವಾಗಿ ತೆಗೆದು ನಾಲಿಗೆಗೆ ಇಟ್ಟುಕೊಂಡ. ಮೆಣಸು, ಹಿಪ್ಪಲಿ, ಒಣಶುಂಠಿ ಎಲ್ಲ ಹುರಿದು ಕುಟ್ಟಿದ ಪುಡಿ ಅದು. ಅವನ ಕಣ್ಣಲ್ಲಿ ನೀರು ಬಂತು. ಡಬ್ಬಿಯನ್ನು ತಾನೇ ಭದ್ರವಾಗಿ ಮುಚ್ಚಿ, ಹೋಗು ಅಂತ ಕೈ ಬೀಸಿದ.

ನನಗೆ ಅವನ ಮೇಲೆ ಸಿಟ್ಟೇನೂ ಬರಲಿಲ್ಲ. ನಾನೂ ಅದೇ ಕಸುಬಿನವಳು. ಬೇಲೂರು, ಅರಸೀಕೆರೆ ಅಂತ ಅಲ್ಲಿಂದಿಲ್ಲಿಗೆ ವರ್ಗವಾಗುತ್ತ, ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಿಯಾದವಳು. ಸತ್ತವರು ಬದುಕಿದ್ದೇವೆ ಅಂತ ಕೊಟ್ಟ ಅರ್ಜಿ, ಬದುಕಿರುವವರು ಸತ್ತಿದ್ದಾರೆ ಅಂತ ಬಂದ ಅರ್ಜಿ, ಎರಡನ್ನೂ ನೋಡಿದ್ದೇನೆ. ಅನುಮಾನ ಪಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿದ್ದು. ಸಂಬಳ ನಿಂತು ಪಿಂಚಣಿ ಶುರುವಾದರೂ ಅಭ್ಯಾಸ ನಿಂತಿಲ್ಲ.

ದ್ವೀಪದ ಹೆಸರು ಬರೆಯಬೇಡ ಅಂತ ಮಗಳು ಸುಜಾತ ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಆಮೇಲೆ ಮಾತು ಬರುತ್ತದೆ ಅನ್ನುವುದು ಅವಳ ಭಯ. ಆದ್ದರಿಂದ ಕೆರೀಬಿಯನ್ ಸಮುದ್ರದಲ್ಲಿ ಡಚ್ಚರಿಗೆ ಸೇರಿದ ಒಂದು ದ್ವೀಪ ಅಂತಷ್ಟೇ ತಿಳಿದುಕೊಳ್ಳಿ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಅಳಿಯ ಅಲ್ಲಿ, ಅಮೆರಿಕದ ಹುಡುಗರು ಬಂದು ಓದುವ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುತ್ತಿದ್ದ. ಸುಜಾತಳಿಗೆ ಹೆಣ್ಣು ಮಗುವಾಗಿತ್ತು. ನಾನು ಹೋದದ್ದು ಬಾಣಂತನಕ್ಕೆ.

ಮಗಳ ಮನೆ

ದ್ವೀಪ ಅಂದರೆ ನನ್ನ ಮನಸ್ಸಿನಲ್ಲಿದ್ದದ್ದು ಕ್ಯಾಲೆಂಡರಿನ ದ್ವೀಪ: ಹಸಿರು, ಜಲಪಾತ, ಹೂವು ಮುಡಿದ ಹೆಂಗಸರು. ಕಾರಿನ ಕಿಟಕಿಯಲ್ಲಿ ಕಂಡದ್ದು ಅರಸೀಕೆರೆಯಿಂದ ಬಾಣಾವರದ ಕಡೆ ಹೋಗುವ ದಾರಿ. ಅದೇ ಕಲ್ಲು, ಅದೇ ಮುಳ್ಳು, ಅದೇ ಆಡು. ಮನೆಗಳಿಗೆ ಕಂಬದಂಥ ಕಳ್ಳಿಯನ್ನು ಒತ್ತಾಗಿ ನೆಟ್ಟು ಬೇಲಿ ಮಾಡಿದ್ದರು. ಇಷ್ಟು ದೂರ, ಇಷ್ಟು ದುಬಾರಿಯಾಗಿ ಬಂದು ಬಾಣಾವರವನ್ನೇ ನೋಡಬೇಕಾಯಿತಲ್ಲ ಅಂತ ನನಗೆ ಮೋಸ ಹೋದ ಹಾಗಾಯಿತು.

ತೆಂಗಿನ ಮರಗಳಿದ್ದದ್ದು ಹೋಟೆಲುಗಳ ಮುಂದೆ ಮಾತ್ರ. ಒಂದು ಬೆಳಿಗ್ಗೆ ನೋಡುತ್ತೇನೆ, ಏಣಿ ಹಾಕಿಕೊಂಡು ಒಬ್ಬ ಹೀಚುಗಾಯಿ ಗೊನೆಗಳನ್ನು ಕಡಿದು ಕಡಿದು ಕಸದ ಲಾರಿಗೆ ಎಸೆಯುತ್ತಿದ್ದಾನೆ. ಬಲಿತರೆ ಪ್ರವಾಸಿಗಳ ತಲೆಯ ಮೇಲೆ ಬೀಳುತ್ತವಂತೆ. ಅರಸೀಕೆರೆಯ ಕೊಬ್ಬರಿ ಮಂಡಿಯವರು ಯಾರಾದರೂ ಇದ್ದಿದ್ದರೆ ಅಲ್ಲೇ ಎದೆ ಹಿಡಿದುಕೊಂಡು ಕೂರುತ್ತಿದ್ದರು. ನಾನೇ ರಸ್ತೆಯಲ್ಲಿ ನಿಂತು ಅವನನ್ನು ಕನ್ನಡದಲ್ಲಿ ಬೈದೆ. ಅವನು ಮೇಲಿನಿಂದ “ಬೋನ್ ದಿಯಾ” ಅಂದ. ಅದು ಅವರ ಪಾಪಿಯಮೆಂಟು ಭಾಷೆಯಲ್ಲಿ ನಮಸ್ಕಾರ.

ಇನ್ನು ಮನೆಯೊಳಗಿನ ವಿಷಯ. ಕೂಸಿಗೆ ಎರಡು ತಿಂಗಳು ತುಂಬಿರಲಿಲ್ಲ. ಹಾಲು ಕುಡಿಯುತ್ತಿತ್ತು, ನಗುತ್ತಿತ್ತು, ಆದರೆ ಮಲಗಿಸಿದರೆ ಎದೆಯಲ್ಲಿ ಗೊರ ಗೊರ ಸದ್ದು. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ, ಏನೂ ಇಲ್ಲ, ಮೂಗು ಸಣ್ಣದು, ಬೆಳೆದ ಹಾಗೆ ಹೋಗುತ್ತದೆ ಅಂದಿದ್ದರಂತೆ. ಔಷಧಿ ಬರೆದುಕೊಡದ ಡಾಕ್ಟರನ್ನು ನಾನು ಹೇಗೆ ನಂಬಲಿ? ಬಂದ ಎರಡನೆಯ ದಿನವೇ ಸಾಣೆಕಲ್ಲು ತೆಗೆದು ಬಜೆ ತೇಯುತ್ತ ಕೂತೆ. ಸುಜಾತ ಬಂದು ಕಲ್ಲನ್ನು ಕೈಯಿಂದ ಕಿತ್ತುಕೊಂಡಳು.

“ಅಮ್ಮ, ಡಾಕ್ಟ್ರು ಹೇಳಿದ್ದು ಬಿಟ್ಟು ಒಂದು ತೊಟ್ಟೂ ಅದರ ಬಾಯಿಗೆ ಹೋಗಬಾರ್ದು. ಬಜೆನೂ ಬೇಡ, ಜಾಯಿಕಾಯಿನೂ ಬೇಡ.”

“ನೀನು ಕುಡಿದು ಬೆಳೆದಿಲ್ವೇನೇ?”

“ನಾನು ಬೆಳೆದೆ. ಎಲ್ಲಾ ಮಕ್ಕಳೂ ಬೆಳೆದ್ವಾ?”

ನನ್ನ ಸಾಮಾನೆಲ್ಲ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಬೀರುವಿಗೆ ಹೋಯಿತು, ಬೀರುವಿನ ಕೀಲಿಕೈ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಹೊರಗೆ ಉಳಿದದ್ದು ಬೆಳ್ಳಿಯ ಒಳಲೆ ಒಂದೇ. ಕೂಸಿಗೆ ಹಾಲು, ಔಷಧಿ ಹಾಕುವ ಪುಟ್ಟ ಮೂತಿಯ ಬಟ್ಟಲು ಅದು, ಅಜ್ಜಿಯಾಗಿ ನಾನು ತಂದ ಉಡುಗೊರೆ. ಅದನ್ನು ಮಗಳು ಬುದ್ಧನ ಪಟದ ಪಕ್ಕ ಶೋಕೇಸಿನಲ್ಲಿ ಚೆಂದಕ್ಕೆ ಇಟ್ಟಿದ್ದಳು.

ಅಂದಿನಿಂದ ಅವಳು ಕೂಸನ್ನು ನನ್ನ ಹತ್ತಿರ ಒಂಟಿಯಾಗಿ ಬಿಟ್ಟದ್ದೇ ಇಲ್ಲ. ನನ್ನ ತೊಡೆಯ ಮೇಲೆ ಮಲಗಿಸುತ್ತಿದ್ದಳು, ಎದುರಿಗೆ ತಾನೂ ಕೂರುತ್ತಿದ್ದಳು. ಸ್ನಾನಕ್ಕೆ ಹೋದರೆ ಕೂಸಿನ ಬುಟ್ಟಿಯೂ ಬಚ್ಚಲಿನ ಬಾಗಿಲವರೆಗೆ ಹೋಗುತ್ತಿತ್ತು. ನಿದ್ದೆಯಿಲ್ಲದೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮಲಗೇ, ನಾನು ನೋಡಿಕೊಳ್ಳುತ್ತೇನೆ ಅಂದರೆ “ಪರವಾಗಿಲ್ಲ” ಅನ್ನುತ್ತಿದ್ದಳು. ನಾನೇ ಹೆತ್ತವಳು ನನ್ನ ಮೇಲೆ ಕಾವಲು ಕೂತಿದ್ದಾಳೆ ಅನ್ನುವುದು ನನಗೆ ಬಹಳ ನೋವು ಮಾಡಿತು. ಒಂದು ಸಲ, ಒಂದೇ ಒಂದು ಸಲ, ನಂಬಿ ಬಿಟ್ಟು ಹೋಗಲಿ ಅನ್ನಿಸುತ್ತಿತ್ತು.

ನಮ್ಮೂರು ಮಾದಿಹಳ್ಳಿಯಿಂದ ಅಕ್ಕ ನಿಂಗಮ್ಮ ಫೋನು ಮಾಡಿದಾಗ ಎಲ್ಲ ಹೇಳಿಕೊಂಡೆ. ಹಸು ಎಮ್ಮೆ ಕಟ್ಟಿ, ಡೇರಿಗೆ ಹಾಲು ಹಾಕಿ ಸಂಸಾರ ದಡ ಮುಟ್ಟಿಸಿದವಳು ಅವಳು. ಅವಳ ಹತ್ತಿರ ಎಲ್ಲದಕ್ಕೂ ಮದ್ದುಂಟು.

“ಕೂಸು ಗೊರ್ ಗೊರ್ ಅಂತೈತೆ ಅಂತೀಯ, ಸುಮ್ಕೆ ಕುಂತಿದೀಯಲ್ಲೇ! ಒಂದ್ ಒಳಲೆ ಕತ್ತೆ ಹಾಲು ಹಾಕು. ಕಫಾ ಗಿಫಾ ಎಲ್ಲಾ ಒಂಟೋಯ್ತದೆ.”

“ಇಲ್ಲಿ ಕತ್ತೆ ಎಲ್ಲಿಂದ ತರ್ಲಿ ಅಕ್ಕ?”

“ಕತ್ತೆ ಇಲ್ದಿರೋ ದೇಸ ಯಾವ್ದೈತೆ ಬಿಡು.”

ಓದುಗರಲ್ಲಿ ಚಿಕ್ಕವರಿಗೆ ಗೊತ್ತಿರಲಾರದು. ಬೇಲೂರಿನಲ್ಲಿ ನಾವಿದ್ದ ಬೀದಿಗೆ ಒಬ್ಬಳು ಕತ್ತೆ ಹಿಡಿದುಕೊಂಡು ಬರುತ್ತಿದ್ದಳು. “ಕತ್ತೆ ಹಾಲು ಐತ್ರವ್ವೋ, ಎಳೇ ಕೂಸಿಗೆ ಹಾಕ್ರವ್ವೋ” ಅನ್ನುವ ಕೂಗು ಕೇಳಿದರೆ ಬಾಣಂತಿಯರ ಮನೆಯವರು ಬಾಗಿಲಿಗೆ ಓಡುತ್ತಿದ್ದರು. ಅಲ್ಲೇ ಹೊಸಿಲ ಮುಂದೆ ಕತ್ತೆ ನಿಲ್ಲಿಸಿ, ನೇರ ಒಳಲೆಗೇ ಕರೆದುಕೊಡುತ್ತಿದ್ದಳು. ಕಾಯಿಸುವಂತಿಲ್ಲ, ಬಿಸಿ ಆರುವ ಮೊದಲೇ ಕೂಸಿನ ಬಾಯಿಗೆ. ದೇವರು ದಿಂಡಿರು, ಶಕುನ, ಜಾತಕ ಯಾವುದನ್ನೂ ನಂಬದ ಮನೆ ನಮ್ಮದು. ಆದರೆ ಕತ್ತೆ ಹಾಲನ್ನು ಮಾತ್ರ ನನ್ನ ತಾಯಿ ನಂಬಿದ್ದಳು, ನಾನೂ ನಂಬಿದ್ದೆ. ಸುಜಾತಳಿಗೂ ಹಾಕಿಸಿದ್ದೆ.

ಕತ್ತೆಗಳ ಆಶ್ರಮ, ಮೊದಲ ಸಲ

ಮನೆಯ ಒಡತಿ ಲೂಸಿಯಾ ಹೇಳಿದ ಮೇಲೆ ತಿಳಿಯಿತು, ಊರಾಚೆ ಕತ್ತೆಗಳಿಗಾಗಿಯೇ ಒಂದು ಆಶ್ರಮವಿದೆ ಅಂತ. ಲೂಸಿಯಾ ಆ ದ್ವೀಪದವಳೇ, ಕಪ್ಪಗೆ, ಎತ್ತರಕ್ಕೆ, ನನ್ನ ವಯಸ್ಸಿನವಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷಿನಂತೆಯೇ ಅಲ್ಲಲ್ಲಿ ಹರಿದದ್ದು, ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಅವಳ ಹಳೆಯ ಕಾರಿನಲ್ಲಿ ನಾನು, ಸುಜಾತ, ಕೂಸು ಎಲ್ಲ ಹೊರಟೆವು. ಮಗಳಿಗೆ ಅದು ಪ್ರವಾಸ. ನನಗೆ ಸ್ಥಳ ತನಿಖೆ.

ಗೇಟು ದಾಟಿದರೆ ಕಾರಿನಲ್ಲೇ ಒಳಗೆ ಸುತ್ತಬಹುದು. ನಾವು ನಿಲ್ಲಿಸಿದ್ದೇ ತಡ, ಕತ್ತೆಗಳು ಮುತ್ತಿಕೊಂಡವು. ಪ್ರತಿ ಕಿಟಕಿಗೆ ಎರಡು ಮುಖ. ಬೂದು, ಕಂದು, ಕಿವಿ ಹರಿದದ್ದು, ಕಣ್ಣು ಹೋದದ್ದು. ಲೂಸಿಯಾ ಕ್ಯಾರೆಟ್ ಹಂಚುತ್ತಿದ್ದಳು. ನಾನು ಈ ಕಡೆಯದನ್ನು ದೂಡುತ್ತಿರುವಾಗ ಆ ಕಡೆಯದು ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿತು. ಎಳೆದೆ, ಅದೂ ಎಳೆಯಿತು. ಮೊಳಕಾಲ್ಮೂರಿನ ರೇಷ್ಮೆ ಅದು, ಕತ್ತೆಗೆ ಗೊತ್ತೇ? ಕೊನೆಗೆ ಅರ್ಧ ಗೇಣು ಅದರ ಹೊಟ್ಟೆಗೆ ಹೋಯಿತು. ಸುಜಾತ ನಕ್ಕಳು. ನಾನು ಬಂದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು, ಆದ್ದರಿಂದ ಸೀರೆಯ ಮಾತನ್ನು ಮುಂದುವರಿಸಲಿಲ್ಲ.

ಆಶ್ರಮ ನಡೆಸುವವಳು ಹನ್ನೆಕೆ ಎನ್ನುವ ಡಚ್ ಹೆಂಗಸು. ಬಿಸಿಲಿಗೆ ಕೆಂಪಾದ ಮುಖ, ಮೊಣಕಾಲವರೆಗಿನ ಚಡ್ಡಿ, ರಬ್ಬರ್ ಬೂಟು. ಅವಳು ಹೇಳಿದ ಕಥೆ ಹೀಗೆ. ಹಿಂದೆ ಈ ಕತ್ತೆಗಳು ಉಪ್ಪು, ನೀರು ಹೊತ್ತವು. ಲಾರಿಗಳು ಬಂದಾಗ ಜನ ಅವನ್ನು ಕಾಡಿಗೆ ಅಟ್ಟಿಬಿಟ್ಟರು. ನೀರು ಹುಡುಕಿಕೊಂಡು ರಸ್ತೆಗೆ ಬಂದು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು. ತಾನು ಹಿಡಿದು ತಂದು ಸಾಕುತ್ತಿದ್ದೇನೆ. ಗಂಡುಗಳಿಗೆಲ್ಲ ಬೀಜ ತೆಗೆಸಿದೆ, ಇಲ್ಲಿ ಮರಿಯಾಗುವುದಿಲ್ಲ.

ನನ್ನ ಮನಸ್ಸಿನಲ್ಲಿ ಬೇರೆಯದೇ ಓಡುತ್ತಿತ್ತು. ನಮ್ಮ ಕಡೆ ಯಾವುದೋ ಹಳ್ಳಿಯಲ್ಲಿ ಗೋಶಾಲೆಗೆ ಸಹಾಯಧನ ಕೇಳಿದವರ ಅರ್ಜಿ ತನಿಖೆಗೆ ಹೋಗಿದ್ದೆ. ಕೊಟ್ಟಿಗೆ ತುಂಬ ಹಸು ತೋರಿಸಿದರು. ಒಂದು ಹಸು ಹೊರಗಿನಿಂದ ಬಂದ ಮುದುಕಿಯ ದನಿ ಕೇಳಿದ್ದೇ ಹಗ್ಗ ಕಿತ್ತುಕೊಂಡು ಅವಳ ಹಿಂದೆ ಮನೆಗೆ ಹೋಯಿತು. ಅಂಥದ್ದನ್ನು ನೋಡಿದವಳು ನಾನು. ದುಡಿಯದ ಪ್ರಾಣಿಗೆ, ಹಾಲು ಕೊಡದ ಪ್ರಾಣಿಗೆ, ಕೂರಿಸಿ ಹುಲ್ಲು ಹಾಕುವವರು ಎಲ್ಲಿದ್ದಾರೆ? ಚರ್ಮಕ್ಕೇನಾದರೂ? ಮಾಂಸಕ್ಕೆ? ಬಾಗಿಲಲ್ಲಿ ಕತ್ತೆಯ ಚಿತ್ರದ ಅಂಗಿ ಮಾರುತ್ತಿದ್ದರು, ಅದರಲ್ಲಿ ಇಷ್ಟು ಹೊಟ್ಟೆ ತುಂಬುತ್ತದೆಯೇ? ಕೊಟ್ಟಿಗೆಯ ಹಿಂದೆಯೂ ಹೋಗಿ ಇಣುಕಿ ಬಂದೆ. ಹಿಂದೆಯೂ ಕತ್ತೆಗಳೇ ಇದ್ದವು.

ನಮ್ಮಲ್ಲಿ ಯಾರೂ ಈ ಪ್ರಾಣಿಯನ್ನು ಗೌರವಿಸಿದವರಲ್ಲ. ಹಳೇಬೀಡಿನ ದೇವಸ್ಥಾನದ ಗೋಡೆಯ ಸುತ್ತ ಆನೆ, ಸಿಂಹ, ಕುದುರೆ, ಮಕರ, ಹಂಸ ಎಲ್ಲ ಸಾಲಾಗಿ ನಡೆಯುತ್ತವೆ. ಆ ಕಲ್ಲನ್ನೆಲ್ಲ ಅಲ್ಲಿಗೆ ಸಾಗಿಸುವಾಗ ಕತ್ತೆ ಹೊರದೆ ಇದ್ದೀತೇ? ಗೋಡೆಯ ಮೇಲೆ ನಾನಂತೂ ಕತ್ತೆಯನ್ನು ಕಂಡಿಲ್ಲ. ಇಲ್ಲಿ ನೋಡಿದರೆ ಒಂದೊಂದಕ್ಕೂ ಹೆಸರು, ಕೊರಳಿಗೆ ಪಟ್ಟಿ.

“ಹಾಲು ಕರೆಯುತ್ತೀರಾ?” ಅಂತ ಹನ್ನೆಕೆಯನ್ನು ಕೇಳಿದೆ.

“ಇಲ್ಲ. ಅವು ಮನುಷ್ಯರಿಗೆ ಕೊಡಬೇಕಾದದ್ದನ್ನೆಲ್ಲ ಕೊಟ್ಟಾಗಿದೆ” ಅಂದಳು. ಅವಳು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು ಅನ್ನಿಸಿತು.

ಹೊರಡುವಾಗ ಕಂಡಿತು. ಬೇರೆಯಾಗಿ ಒಂದು ಸಣ್ಣ ಕಟಕಟೆಯಲ್ಲಿ ಒಂದು ಹೆಣ್ಣು ಕತ್ತೆ, ಹಿಂಗಾಲುಗಳನ್ನು ಅಗಲಿಸಿಕೊಂಡು ನಿಂತಿತ್ತು. ಕಾಡಿನಲ್ಲಿ ಈದದ್ದಂತೆ. ರಸ್ತೆಯಲ್ಲಿ ಕಾರು ಗುದ್ದಿ ಮರಿ ಸತ್ತಿತು, ತಾಯಿಗೆ ತೊಡೆಯಲ್ಲಿ ಗಾಯ. ಕೆಚ್ಚಲು ಕಲ್ಲಾಗಿತ್ತು. ಮಾದಿಹಳ್ಳಿಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ನಿಂತಲ್ಲೇ ನಿಂತೆ.

“ಅಮ್ಮಾ, ಬೇಡ” ಅಂದಳು ಸುಜಾತ ಕನ್ನಡದಲ್ಲಿ.

“ನಾನೇನೂ ಅನ್ಲಿಲ್ವಲ್ಲೇ!”

“ನೀನು ಮನಸ್ಸಲ್ಲೇ ಅಂದ್ಕೊಂಡೆ ಅಂತ ನಂಗೆ ಗೊತ್ತು.”

ಉಪ್ಪಿನ ಗದ್ದೆಗಳು

ದ್ವೀಪದ ತೆಂಕಣ ತುದಿಯಲ್ಲಿ ಉಪ್ಪಿನ ಗದ್ದೆಗಳಿವೆ. ಸಮುದ್ರದ ನೀರು ನಿಲ್ಲಿಸಿ ಒಣಗಿಸುತ್ತಾರೆ. ನೀರು ಗುಲಾಬಿ ಬಣ್ಣ, ಉಪ್ಪಿನ ರಾಶಿ ಕಣ್ಣು ಕುಕ್ಕುವ ಬಿಳಿ. ಲೂಸಿಯಾ ಒಂದು ಸಂಜೆ ನನ್ನನ್ನೊಬ್ಬಳನ್ನೇ ಅಲ್ಲಿಗೆ ಕರೆದುಕೊಂಡು ಹೋದಳು. ದಡದಲ್ಲಿ ಸಾಲಾಗಿ ಸಣ್ಣ ಸಣ್ಣ ಕಲ್ಲು ಗೂಡುಗಳಿದ್ದವು. ಕೋಳಿಗೂಡೇ ಅಂತ ಕೇಳಿದೆ. ಗುಲಾಮರ ಮನೆಗಳು ಅಂದಳು. ಬಾಗಿಲು ನನ್ನ ಸೊಂಟದ ಎತ್ತರಕ್ಕಿತ್ತು. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಮಲಗುವುದಕ್ಕೆ ಮಾತ್ರ.

“ನಮ್ಮ ಅಜ್ಜಿಯ ಅಜ್ಜಿ ಇಲ್ಲಿ ಉಪ್ಪು ಹೊತ್ತಳು. ಪಕ್ಕದಲ್ಲಿ ಕತ್ತೆಯೂ ಹೊತ್ತಿತು. ಕತ್ತೆಗೆ ಆಶ್ರಮ ಆಯಿತು” ಅಂದಳು ಲೂಸಿಯಾ. ನಗುತ್ತಲೇ ಅಂದಳು.

ನಮ್ಮ ತಾತ ಯಾರ ಗದ್ದೆಯಲ್ಲಿ ಎಷ್ಟು ಹೊತ್ತ, ಅವನನ್ನು ಯಾವ ಬಾಗಿಲಿನಿಂದ ಆಚೆ ನಿಲ್ಲಿಸಿದ್ದರು ಅನ್ನುವುದನ್ನು ನಾನು ಮನೆಯಲ್ಲಿ ಕೇಳಿ ಬೆಳೆದವಳು. ಲೂಸಿಯಾಳ ಮಾತು ಅರ್ಥವಾಗಲು ನನಗೆ ಭಾಷೆಯ ತೊಂದರೆಯೇನೂ ಆಗಲಿಲ್ಲ. ಇಬ್ಬರೂ ಆ ಗೂಡಿನ ನೆರಳಿನಲ್ಲಿ ಕೂತು, ಅವಳು ಕಟ್ಟಿಕೊಂಡು ಬಂದಿದ್ದ ಫುಂಚಿ ತಿಂದೆವು. ಮುಸುಕಿನ ಜೋಳದ ಹಿಟ್ಟನ್ನು ಕುದಿಸಿ ಕೋಲಿನಲ್ಲಿ ತಿರುವಿ ಮಾಡುವುದು, ಮೀನಿನ ಸಾರಿಗೆ ಅದ್ದಿಕೊಂಡು ತಿನ್ನುವುದು. ಮುದ್ದೆಯೇ, ಬಣ್ಣ ಬೇರೆ. ಅಗಿಯದೆ ನುಂಗು ಅಂತ ನಾನು ಅವಳಿಗೆ ಹೇಳಿಕೊಟ್ಟೆ. ಅವಳಿಗೆ ಬಿಕ್ಕಳಿಕೆ ಬಂತು.

ಆಗ ಕೂಸಿನ ಎದೆಯ ವಿಷಯ, ಕತ್ತೆ ಹಾಲಿನ ವಿಷಯ ಬಿಚ್ಚಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಖುಷಿಗೆ ತೊಡೆ ಬಡಿದುಕೊಂಡಳು.

“ನನ್ನ ಅಜ್ಜಿಯೂ ನಾಯಿಕೆಮ್ಮಿಗೆ ಅದನ್ನೇ ಕೊಡುತ್ತಿದ್ದಳು! ಈಗ ಕೇಳಿದರೆ ಆ ಡಚ್ ಹೆಂಗಸು ಒಂದು ಹನಿ ಕೊಡುವುದಿಲ್ಲ. ಕತ್ತೆ ನಮ್ಮದು, ಬೇಲಿ ಅವಳದು.”

ಲೂಸಿಯಾಳಿಗೂ ಹನ್ನೆಕೆಯ ಮೇಲೆ ಅನುಮಾನವಿದ್ದದ್ದು ನನಗೆ ದೊಡ್ಡ ಸಮಾಧಾನ. ಅಲ್ಲೇ ಒಪ್ಪಂದವಾಯಿತು.

ಆಶ್ರಮ, ಎರಡನೇ ಸಲ

ತರಕಾರಿ ಮಾರ್ಕೆಟ್ಟಿಗೆ ಹೋಗುತ್ತೇವೆ ಅಂತ ಮಗಳಿಗೆ ಹೇಳಿದೆ. ಕೈಚೀಲದಲ್ಲಿ ಒಳಲೆ, ತಿರುಪಿನ ಮುಚ್ಚಳದ ಒಂದು ಸಣ್ಣ ಸ್ಟೀಲ್ ಡಬ್ಬಿ, ಒಂದು ಒದ್ದೆ ಬಟ್ಟೆ. ಶೋಕೇಸಿನಲ್ಲಿ ಒಳಲೆ ಇದ್ದ ಜಾಗದಲ್ಲಿ ಬಣ್ಣದ ಶಂಖ ಒಂದನ್ನು ಇಟ್ಟು ಬಂದಿದ್ದೆ. ಇಷ್ಟು ವರ್ಷ ಬೇರೆಯವರ ಇಂಥ ಕೈಚಳಕ ಹಿಡಿದವಳಿಗೆ ಅಷ್ಟು ಜಾಣತನ ಇರಲೇಬೇಕಲ್ಲ.

ಲೂಸಿಯಾ ಗೇಟಿನ ಹತ್ತಿರ ಹನ್ನೆಕೆಯನ್ನು ಮಾತಿಗೆ ಹಿಡಿದಳು. ನಾನು ಕಟಕಟೆಯ ಹಿಂದಿನಿಂದ ನುಸುಳಿದೆ. ಕತ್ತೆ ಕಿವಿ ಹಿಂದಕ್ಕೆ ಮಡಿಸಿತು. ಯಾವ ಭಾಷೆಯಲ್ಲಿ ಮಾತಾಡಿಸಬೇಕು ಅಂತ ನಾನು ಯೋಚಿಸಲಿಲ್ಲ, ಬಾಯಿ ತಾನಾಗಿ ಮಾದಿಹಳ್ಳಿಗೆ ಹೋಯಿತು.

“ಏನವ್ವಾ, ನೋಯ್ತದಾ? ತಡಿ ನಮ್ಮವ್ವ, ತಡಿ. ನಾನೇನ್ ಮಾಡಾಕಿಲ್ಲ ಕಣೇ. ಒಸಿ ನಿಂತ್ಕೋ, ಅಗುರಾಯ್ತದೆ.”

ಬೆನ್ನು ಸವರಿದೆ, ಹೊಟ್ಟೆ ಸವರಿದೆ. ಒದ್ದೆ ಬಟ್ಟೆಯಲ್ಲಿ ಕೆಚ್ಚಲು ಒರೆಸಿದಾಗ ಅದು ನಡುಗಿತು. ಮೊದಲು ಬರಲಿಲ್ಲ. ಮರಿ ಗುದ್ದುವ ಹಾಗೆ ಅಂಗೈಯಲ್ಲಿ ಮೆಲ್ಲಗೆ ಗುದ್ದಿದೆ, ಆಗ ಇಳಿಯಿತು. ತೆಳ್ಳಗಿನ, ನೀಲಿಯ ಛಾಯೆಯ ಹಾಲು. ಒಳಲೆ ತುಂಬಿತು, ಡಬ್ಬಿಗೆ ಸುರಿದು ಮುಚ್ಚಿ ಚೀಲಕ್ಕೆ ಹಾಕಿದೆ, ಮತ್ತೆ ಒಳಲೆ ಹಿಡಿದೆ. ಕತ್ತೆ ತಲೆ ತಗ್ಗಿಸಿ ಒಂದು ನಿಟ್ಟುಸಿರು ಬಿಟ್ಟಿತು. ಪಾಪ, ಎಷ್ಟು ದಿನದ ನೋವೋ. ನಾನು ಬಂದದ್ದು ಯಾತಕ್ಕೆ ಅನ್ನುವುದು ಒಂದು ಗಳಿಗೆ ಮರೆತೇಹೋಗಿತ್ತು.

“ಏನು ಕೊಟ್ಟಿರಿ ಅದಕ್ಕೆ?”

ಹನ್ನೆಕೆ ಬೇಲಿಯ ಆಚೆ ನಿಂತಿದ್ದಳು. ಮುಖ ಇನ್ನಷ್ಟು ಕೆಂಪಾಗಿತ್ತು. ಹಿಂದೊಮ್ಮೆ ಯಾರೋ ಬ್ರೆಡ್ಡಿನಲ್ಲಿ ಏನೋ ಬೆರೆಸಿ ಹಾಕಿ ಅವಳ ಕತ್ತೆಗಳನ್ನು ಕೊಂದಿದ್ದರಂತೆ. ಕೈಯಲ್ಲಿ ಬೆಳ್ಳಿ ಬಟ್ಟಲು ಹಿಡಿದು ಕತ್ತೆಯ ಹೊಟ್ಟೆಯ ಕೆಳಗೆ ಕೂತ ಸೀರೆಯ ಮುದುಕಿಯನ್ನು ನೋಡಿ ಅವಳಿಗೆ ಇನ್ನೇನು ತೋಚಬೇಕು? ಒಳಗೆ ಬಂದು ನನ್ನ ಒದ್ದೆ ಬಟ್ಟೆಯನ್ನು ಕಿತ್ತು ಮೂಗಿಗೆ ಹಿಡಿದು ನೋಡಿದಳು. ನಾನು ಕೊಡಲಿಲ್ಲ, ತೆಗೆದುಕೊಂಡೆ ಅಂತ ಹೇಳಲು ನನಗೆ ಇಂಗ್ಲಿಷೇ ಬರಲಿಲ್ಲ. ಲೂಸಿಯಾ ಓಡಿಬಂದು, ಅದು ಒಂದು ಪುಟ್ಟ ಮಗುವಿನ ಔಷಧಿಗೆ ಅಂತ ಹೇಳಿದಳು.

ಹನ್ನೆಕೆ ನನ್ನ ಕೈಯಿಂದ ಒಳಲೆ ತೆಗೆದುಕೊಂಡು, ಹಾಲನ್ನು ಮಣ್ಣಿಗೆ ಚೆಲ್ಲಿದಳು.

“ಗಾಯಕ್ಕೆ ಅಂತ ದಿನಾ ಇಂಜೆಕ್ಷನ್ ಕೊಡುತ್ತಿದ್ದೇನೆ. ಅದೆಲ್ಲ ಹಾಲಿನಲ್ಲಿ ಇರುತ್ತದೆ. ಮಗುವಿಗೆ ಕುಡಿಸಬೇಡಿ” ಅಂದಳು. ಒಳಲೆಯನ್ನು ತನ್ನ ಅಂಗಿಯಿಂದ ಒರೆಸಿ ವಾಪಸು ಕೊಟ್ಟಳು. ಆಮೇಲೆ ಕತ್ತೆಯ ಕೆಚ್ಚಲನ್ನು ದೂರದಿಂದಲೇ ನೋಡಿ, ದನಿ ತಗ್ಗಿಸಿ, “ಕೆಚ್ಚಲು ಮುಟ್ಟಲು ಅದು ನನ್ನನ್ನು ಬಿಟ್ಟಿಲ್ಲ. ನಿಮಗೆ ಆದರೆ ನಾಳೆಯೂ ಬನ್ನಿ. ನೋವು ಇಳಿಯುವಷ್ಟು ಹಿಂಡಿ. ಹಾಲು ಮಾತ್ರ ನೆಲಕ್ಕೆ” ಅಂದಳು.

ಬಿಟ್ಟಿ ಕೆಲಸದವಳು ಸಿಕ್ಕಳು ಅಂತ ಕರೆಯುತ್ತಿದ್ದಾಳೆ ಅಂದುಕೊಂಡೆ. ಇಂಜೆಕ್ಷನ್ನಿನ ಮಾತನ್ನೂ ನಾನು ನಂಬಲಿಲ್ಲ. ಹಾಲು ಕೊಡಲು ಮನಸ್ಸಿಲ್ಲದವರು ಏನು ಬೇಕಾದರೂ ಹೇಳುತ್ತಾರೆ. ಡಬ್ಬಿ ನನ್ನ ಕೈಚೀಲದಲ್ಲಿ ಬೆಚ್ಚಗೆ ಇತ್ತು. ಅದು ಹನ್ನೆಕೆಗೆ ಗೊತ್ತಾಗಲಿಲ್ಲ. ಕಾರಿನಲ್ಲಿ ನಾನು ಎಲ್ಲ ಹೇಳಿ ತೋರಿಸಿದ್ದು ಲೂಸಿಯಾ ಒಬ್ಬಳಿಗೇ.

ಮಧ್ಯಾಹ್ನ

ಲೂಸಿಯಾ ಒಳ್ಳೆಯವಳು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಿದ್ದೇ ತಡ, ಬಾಗಿಲಿಗೆ ಬಂದ ಸುಜಾತಳಿಗೆ ಎಲ್ಲ ಹೇಳಿಬಿಟ್ಟಳು. ಬೇಲಿ ನುಸುಳಿದ್ದು, ಕತ್ತೆಯ ಜೊತೆ ನಾನು ಮಾತಾಡಿದ್ದು, ಹನ್ನೆಕೆಯ ಕೂಗಾಟ, ಇಂಜೆಕ್ಷನ್ನು, ಡಬ್ಬಿ. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡು ನಕ್ಕಳು. ನಕ್ಕು ತನ್ನ ಮನೆಗೆ ಹೋದಳು.

ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಬೈಯುತ್ತಾಳೆ, ಡಬ್ಬಿ ಕಿತ್ತುಕೊಳ್ಳುತ್ತಾಳೆ, ನಾಳೆಯೇ ನನಗೆ ವಾಪಸು ಟಿಕೆಟ್ ಮಾಡಿಸುತ್ತಾಳೆ ಅಂತ ಕಾದೆ. ಉತ್ತರಗಳನ್ನೂ ಸಿದ್ಧ ಮಾಡಿಕೊಂಡೆ. ಸುಜಾತ ಕೂಸನ್ನು ಹೆಗಲಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಓಡಾಡಿದಳು. ಆಮೇಲೆ ಬಂದು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು.

“ಅಮ್ಮ, ನಂಗೆ ಕಾದು ಕಾದು ಸಾಕಾಗಿದೆ. ನಿದ್ದೆ ಮಾಡಿ ಎಷ್ಟೋ ದಿನ ಆಯ್ತು. ನಿನಗೇನು ಇದು ಬೇಡದ ಮಗುನಾ? ನೋಡ್ಕೋ.”

“ಡಬ್ಬಿ…” ಅಂದೆ. ಯಾಕೆ ನಾನೇ ನೆನಪಿಸಿದೆನೋ ಗೊತ್ತಿಲ್ಲ.

“ಹೂಂ, ಕೇಳಿಸ್ಕೊಂಡೆ” ಅಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದು ನಾಟಕ ಅಂತ ನನಗೆ ಮೊದಲು ಅನ್ನಿಸಿದ್ದು. ಕದ್ದು ನೋಡುತ್ತಿರಬೇಕು. ಕೂಸನ್ನು ಎತ್ತಿಕೊಂಡು ಹೋಗಿ ಬಾಗಿಲಿಗೆ ಕಿವಿ ಇಟ್ಟೆ. ಗೊರಕೆ ಕೇಳಿಸಿತು. ನಟಿಸುವ ಗೊರಕೆ ನನಗೆ ಗೊತ್ತು, ಇದು ಅದಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಳಿಯ ಕಾಲೇಜಿನಲ್ಲಿ. ಹೊರಗೆ ಬಿಸಿಲು, ಒಳಗೆ ಫ್ಯಾನಿನ ಸದ್ದು, ಕೂಸಿನ ಎದೆಯ ಗೊರ ಗೊರ.

ಡಬ್ಬಿ ತೆರೆದು ಹಾಲನ್ನು ಒಳಲೆಗೆ ಬಗ್ಗಿಸಿದೆ. ಸರಿಯಾಗಿ ಒಂದು ಒಳಲೆ ತುಂಬಿತು. ಕಾಲು ಚಾಚಿ ಕೂತು ಕೂಸನ್ನು ಮೊಣಕಾಲುಗಳ ಮೇಲೆ ಮಲಗಿಸಿಕೊಂಡೆ. ಅದು ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು. ನಿಂಗಮ್ಮನ ಮಾತು ನೆನಪಾಯಿತು, ನಮ್ಮ ತಾಯಿ ನೆನಪಾದಳು. ಒಂದು ಗುಟುಕು ಅಷ್ಟೇ. ಹನ್ನೆಕೆ ಸುಳ್ಳು ಹೇಳಿರಬಹುದು. ಹೇಳದೆಯೂ ಇರಬಹುದು.

ಒಳಲೆ ಹಿಡಿದ ಕೈ ಮುಂದೆ ಹೋಗಲೇ ಇಲ್ಲ. ಸುಜಾತ ಎದುರಿಗೆ ಕಾವಲು ಕೂತಿದ್ದರೆ ನಾನು ಖಂಡಿತ ಅವಳ ಕಣ್ಣು ತಪ್ಪಿಸಿ ಹಾಕಿಬಿಡುತ್ತಿದ್ದೆ. ನೆಪ ಹೂಡುತ್ತಿದ್ದೆ, ನೀರು ತಾ ಅಂತ ಅಡುಗೆಮನೆಗೆ ಕಳಿಸುತ್ತಿದ್ದೆ. ಅವಳು ಎಲ್ಲ ಗೊತ್ತಿದ್ದೂ ಮಲಗಿಬಿಟ್ಟಿದ್ದಳು. ಯಾರ ಕಣ್ಣನ್ನು ತಪ್ಪಿಸಲಿ?

ಚೆಲ್ಲಲು ಮನಸ್ಸು ಬರಲಿಲ್ಲ, ಆ ಪ್ರಾಣಿಯ ನೋವು ನೋಡಿದ್ದೆನಲ್ಲ. ನಾನೇ ಕುಡಿದೆ. ಇಂಜೆಕ್ಷನ್ನಿನ ಕಹಿಯೇನಾದರೂ ನಾಲಿಗೆಗೆ ಸಿಗುತ್ತದೆಯೇ ಅಂತ ಪರೀಕ್ಷೆಯನ್ನೂ ಮಾಡಿದೆ. ಬರೀ ಸಿಹಿ. ಹನ್ನೆಕೆ ಹೇಳಿದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಒಳಲೆ ತೊಳೆದಿಟ್ಟು, ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ಓಡಾಡಿದೆ. ನೆಟ್ಟಗೆ ಎತ್ತಿಕೊಂಡರೆ ಗೊರ ಗೊರ ಕಡಿಮೆಯಾಗುತ್ತಿತ್ತು. ಅದು ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡು ಮಲಗಿತು.

ಬಿಸಿಲು ಇಳಿದ ಮೇಲೆ ಸುಜಾತ ಎದ್ದು ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಕೈ ಚಾಚಿ ಕೂಸನ್ನು ತೆಗೆದುಕೊಂಡಳು. ಎಳೆಕೂಸಿನ ಬಾಯಿ ಮೂಸಿದರೆ ಏನು ಕುಡಿದಿದೆ ಅಂತ ಎಂಥವರಿಗೂ ಗೊತ್ತಾಗುತ್ತದೆ. ಮೂಸಲಿ ಅಂತ ನಾನು ಕಾದು ನಿಂತಿದ್ದೆ.

“ಕಾಫಿ ಮಾಡ್ಲಾ ಅಮ್ಮ?” ಅಂದಳು.

ಅವಳು ಮೂಸಿ ನೋಡಲಿಲ್ಲ. ನಾನಾಗಿದ್ದರೆ ನೋಡುತ್ತಿದ್ದೆ.